ಲೋರಾ ಸಿಗ್ನಲ್ ಗುಡ್ಡ ದಾಟುತ್ತಾ?

ಪ್ರಶ್ನೆ: ತೀರ್ಥಹಳ್ಳಿ ಕಡೆ ನಮ್ಮದು ಅಡಿಕೆ ತೋಟ. ಹಳ್ಳದ ಪಕ್ಕದ ಪಂಪ್‌ಹೌಸ್ ಮನೆಯಿಂದ ಸುಮಾರು 4 ಕಿ.ಮೀ. ದೂರ. ಮಧ್ಯೆ ಒಂದು ಗುಡ್ಡ ಇದೆ, ಮೊಬೈಲ್ ಸಿಗ್ನಲ್ ಇಲ್ಲ. ಪಂಪ್ ಓಡುತ್ತಿದೆಯಾ, ತೊಟ್ಟಿಯಲ್ಲಿ ನೀರು ಎಷ್ಟಿದೆ ಅಂತ ಮನೆಯಲ್ಲೇ ಗೊತ್ತಾಗಬೇಕು. 433 ಮೆಗಾಹರ್ಟ್ಸ್‌ನ ರಾ-02 ಲೋರಾ ಮಾಡ್ಯೂಲ್ (ಕಡಿಮೆ ಪವರಿನಲ್ಲಿ ದೂರಕ್ಕೆ ಚಿಕ್ಕ ಮೆಸೇಜ್ ಕಳಿಸುವ ರೇಡಿಯೋ) ಎರಡು ತಂದು ಆರ್ಡುಯಿನೋ ಊನೋ ಅನ್ನುವ, ಕೋಡ್ ಹಾಕಿ ನಡೆಸುವ ಪುಟ್ಟ ಬೋರ್ಡಿಗೆ ಜೋಡಿಸಿದೆ. ಜಾಹೀರಾತಿನಲ್ಲಿ 10 ಕಿ.ಮೀ. ಅಂತ ಇತ್ತು, ನನಗೆ 400 ಮೀಟರ್ ದಾಟುತ್ತಿಲ್ಲ. ಯಾಗಿ ಆಂಟೆನಾ (ಸಿಗ್ನಲನ್ನು ಒಂದೇ ದಿಕ್ಕಿಗೆ ಕೂಡಿಸುವ, ಸಾಲು ಕಡ್ಡಿಗಳದ್ದು) ಹಾಕಿದರೆ ಸಾಕಾ, 1 ವ್ಯಾಟ್ ಮಾಡ್ಯೂಲೇ ಬೇಕಾ? ಪರೀಕ್ಷೆ ಮಾಡುವ ಸರಿಯಾದ ಕ್ರಮ ಯಾವುದು?

ಉತ್ತರ: ಎರಡನ್ನೂ ಈಗಲೇ ಕೊಳ್ಳಬೇಡಿ. 4 ಕಿ.ಮೀ. ಆಗುವ ಕೆಲಸವೇ. ಆದರೆ 400 ಮೀಟರ್‌ಗೇ ನಿಂತಿದೆ ಅಂದರೆ ಎಲ್ಲೋ ಬೇರೆ ಏನೋ ಕೈ ಕೊಡುತ್ತಿದೆ. ಅದೇನು ಅಂತ ತಿಳಿಯದೆ ಯಾಗಿ ಹಾಕಿದರೆ 400 ಹೋಗಿ 700 ಆಗಬಹುದು, ಅಷ್ಟೆ.

ನೀವು ಮಾಡಿದ್ದು ಎಲ್ಲರೂ ಮಾಡುವ ಪರೀಕ್ಷೆ. ಒಂದು ಮಾಡ್ಯೂಲನ್ನು ಜಗಲಿಯಲ್ಲಿ ಇಡುವುದು, ಇನ್ನೊಂದನ್ನು ಕೈಯಲ್ಲಿ ಹಿಡಿದು ನಡೆಯುವುದು, ಮೆಸೇಜ್ ನಿಂತ ಕಡೆ 'ಇಷ್ಟೇ ರೇಂಜ್' ಅನ್ನುವುದು. ನಾನೂ ಮೊದಮೊದಲು ಹೀಗೇ ಮೈಲಿಗಟ್ಟಲೆ ಸುಮ್ನೆ ನಡೆದಿದ್ದೇನೆ. ಬಾವಿಗೆ ಕೊಡ ಬಿಡುವಾಗ ನೀರು ಮುಟ್ಟಿತಾ ಅಂತ ಮಾತ್ರ ನೋಡುತ್ತೇವಾ? ಕೈಯಲ್ಲಿ ಹಗ್ಗ ಇನ್ನೆಷ್ಟು ಉಳಿದಿದೆ ಅಂತಲೂ ನೋಡುತ್ತೇವೆ, ಯಾಕಂದರೆ ಬೇಸಿಗೆಗೆ ನೀರು ಕೆಳಗಿಳಿಯುತ್ತದೆ. ರೇಡಿಯೋದಲ್ಲಿ ಆ ಉಳಿದ ಹಗ್ಗವನ್ನು ಡಿಬಿಯಲ್ಲಿ (ಡೆಸಿಬೆಲ್) ಅಳೆಯುತ್ತಾರೆ, ಮಾರ್ಜಿನ್ ಅನ್ನುತ್ತಾರೆ. ನಿಮ್ಮ ಪರೀಕ್ಷೆ ಅಳೆಯಬೇಕಾದದ್ದು ಅದನ್ನು.

ಡಿಬಿ ಲೆಕ್ಕಕ್ಕೆ ಹೆದರಬೇಡಿ. 3 ಡಿಬಿ ಹೆಚ್ಚು ಅಂದರೆ ಎರಡು ಪಟ್ಟು, 10 ಡಿಬಿ ಅಂದರೆ ಹತ್ತು ಪಟ್ಟು, 20 ಡಿಬಿ ಅಂದರೆ ನೂರು ಪಟ್ಟು. ಗುಣಾಕಾರ ಎಲ್ಲ ಕೂಡುವುದು ಕಳೆಯುವುದಾಗಿ ಬಿಡುತ್ತದೆ, ಅದೇ ಅನುಕೂಲ. ನಿಮ್ಮ ಮಾಡ್ಯೂಲ್ ಗರಿಷ್ಠ 100 ಮಿಲಿವ್ಯಾಟ್ ಕೊಡುತ್ತದೆ, ಅಂದರೆ 20 ಡಿಬಿಎಂ (1 ಮಿಲಿವ್ಯಾಟಿಗೆ ಹೋಲಿಸಿದರೆ ಎಷ್ಟು ಡಿಬಿ ಹೆಚ್ಚು ಅಥವಾ ಕಡಿಮೆ ಅನ್ನುವ ಅಳತೆ). 866 ಮೆಗಾಹರ್ಟ್ಸ್‌ನಲ್ಲಿ (433 ಯಾಕಲ್ಲ ಅಂತ ಆಮೇಲೆ ಹೇಳುತ್ತೇನೆ) ಖಾಲಿ ಬಯಲಿನ 4 ಕಿ.ಮೀ. ದಾರಿ 103 ಡಿಬಿ ತಿನ್ನುತ್ತದೆ. ಎರಡೂ ಕಡೆ 9 ಡಿಬಿಐ (ಅಂದರೆ ತನ್ನ ದಿಕ್ಕಿಗೆ 9 ಡಿಬಿ ಲಾಭ ಕೊಡುವ) ಯಾಗಿ ಹಾಕಿ, ಕೇಬಲ್‌ಗೆ ಅಂತ 2 ಕಳೆಯಿರಿ. 20 ಕೂಡು 9 ಕೂಡು 9, ಕಳೆ 2, ಕಳೆ 103. ಉತ್ತರ ಮೈನಸ್ 67 ಡಿಬಿಎಂ. ಲೋರಾ ರಿಸೀವರ್ 125 ಕಿಲೋಹರ್ಟ್ಸ್ ಬ್ಯಾಂಡ್‌ವಿಡ್ತ್‌ನಲ್ಲಿ (ಸಿಗ್ನಲ್ ಹಿಡಿಯುವ ಅಗಲ) ಸ್ಪ್ರೆಡಿಂಗ್ ಫ್ಯಾಕ್ಟರ್ (ಇದನ್ನು ಏರಿಸಿದಷ್ಟೂ ಮೆಸೇಜ್ ನಿಧಾನ, ಆದರೆ ಸಣ್ಣ ಸಿಗ್ನಲೂ ಕೇಳಿಸುತ್ತದೆ) 7 ಇಟ್ಟರೆ ಸುಮಾರು ಮೈನಸ್ 124ರವರೆಗೆ, 12 ಇಟ್ಟರೆ ಸುಮಾರು ಮೈನಸ್ 137ರವರೆಗೆ ಕೇಳಿಸಿಕೊಳ್ಳುತ್ತದೆ. ಅಂದರೆ ಕಣ್ಣಿಗೆ ಕಾಣುವ ದಾರಿಯಾಗಿದ್ದರೆ 57ರಿಂದ 70 ಡಿಬಿ ಹಗ್ಗ ಮಿಗುತ್ತದೆ. ಯಾಗಿ ಬಿಟ್ಟು ಸಾದಾ 2 ಡಿಬಿಐ ಕಡ್ಡಿ ಆಂಟೆನಾ ಹಾಕಿದರೂ ಧಾರಾಳ.

ಜಾಹೀರಾತಿನ 10 ಕಿ.ಮೀ. ಸುಳ್ಳಲ್ಲ ಅಂತ ಈಗ ಗೊತ್ತಾಯಿತಲ್ಲ? 2017ರ ಆಗಸ್ಟ್‌ನಲ್ಲಿ ನೆದರ್ಲೆಂಡ್ಸ್‌ನಲ್ಲಿ ಹಾರಿಬಿಟ್ಟ ಬಲೂನಿನ ಲೋರಾ ಸಿಗ್ನಲ್ 702 ಕಿ.ಮೀ. ದೂರದ ಪೋಲೆಂಡಿನಲ್ಲಿ ಸಿಕ್ಕಿತ್ತು. ಪವರ್ ಬರೀ 25 ಮಿಲಿವ್ಯಾಟ್, ನಿಮ್ಮ ಮಾಡ್ಯೂಲಿನ ಕಾಲು ಭಾಗ. ಲೆಕ್ಕ ಹಾಕಿ ನೋಡಿ: 702 ಕಿ.ಮೀ.ಗೆ 148 ಡಿಬಿ ನಷ್ಟ, 25 ಮಿಲಿವ್ಯಾಟ್ ಅಂದರೆ 14 ಡಿಬಿಎಂ, ಮುಟ್ಟುವುದು ಮೈನಸ್ 134. ಮೈನಸ್ 137ರ ಅಂಚಿಗೆ ಸರಿಯಾಗಿ ಕೂರುತ್ತದೆ. ಗುಟ್ಟು ಇರುವುದು ಬಲೂನಿನ ಎತ್ತರದಲ್ಲಿ. ಅದು ನೆಲದಿಂದ ಸುಮಾರು 38 ಕಿ.ಮೀ. ಮೇಲಿತ್ತು, ಮಧ್ಯೆ ಅಡ್ಡ ಬರುವಂಥದ್ದು ಏನೂ ಇರಲಿಲ್ಲ. 2007ರಲ್ಲಿ ವೆನೆಜುವೆಲಾದಲ್ಲಿ ಎರ್ಮಾನೋ ಪಿಯೆತ್ರೊಸೆಮೋಲಿ ಮತ್ತು ಅವರ ಜೊತೆಗಾರರು ಮಾಮೂಲಿ ವೈಫೈ ಸಾಮಾನನ್ನೇ 382 ಕಿ.ಮೀ. ಮುಟ್ಟಿಸಿದ್ದು ಕೂಡ ಒಂದು ಬೆಟ್ಟದ ನೆತ್ತಿಯಿಂದ ಇನ್ನೊಂದು ಬೆಟ್ಟದ ನೆತ್ತಿಗೆ.

ನಿಮ್ಮ ಜಗಲಿಗೂ ಪಂಪ್‌ಹೌಸಿಗೂ ಆ ಭಾಗ್ಯ ಇಲ್ಲ. ಅಲ್ಲಿ ಮೂರು ಕಳ್ಳರಿದ್ದಾರೆ: ನೆಲ, ಗುಡ್ಡ, ಎಲೆ.

ನೆಲದ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆಂಟೆನಾ ಎದೆಮಟ್ಟದಲ್ಲಿ ಇದ್ದಾಗ ನೇರ ಬರುವ ಅಲೆಯ ಜೊತೆಗೆ ನೆಲಕ್ಕೆ ಬಡಿದು ಪುಟಿದ ಅಲೆಯೂ ಬರುತ್ತದೆ. ದೂರ ಹೋದಂತೆ ಇವೆರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಬಯಲಲ್ಲಿ ದೂರ ಎರಡು ಪಟ್ಟಾದರೆ 6 ಡಿಬಿ ಹೋಗಬೇಕು. ನೆಲಕ್ಕೆ ಹತ್ತಿರ ಇದ್ದರೆ 12 ಡಿಬಿ ಹೋಗುತ್ತದೆ. ಎರಡೂ ಆಂಟೆನಾ 1.5 ಮೀಟರ್ ಎತ್ತರದಲ್ಲಿದ್ದರೆ ಸಪಾಟು ನೆಲದ 4 ಕಿ.ಮೀ.ಗೆ ನಷ್ಟ 103 ಅಲ್ಲ, ಸುಮಾರು 137. ಇದನ್ನೇ ತಿರುಗಿಸಿ ನೋಡಿ. ಒಂದು ಆಂಟೆನಾದ ಎತ್ತರ ಎರಡು ಪಟ್ಟು ಮಾಡಿದರೆ 6 ಡಿಬಿ ಲಾಭ. 1.5 ಮೀಟರಿನಿಂದ 6 ಮೀಟರಿಗೆ ಏರಿಸಿದರೆ 12 ಡಿಬಿ, ಅಂದರೆ ಪವರ್ 16 ಪಟ್ಟು ಮಾಡಿದ ಹಾಗೆ. ನೀವು ಕೇಳಿದ 1 ವ್ಯಾಟ್ ಮಾಡ್ಯೂಲ್ ಕೊಡುವುದು ಬರೀ 10 ಡಿಬಿ. ಅದೂ ಕಳಿಸುವ ದಿಕ್ಕಿಗೆ ಮಾತ್ರ, ಬ್ಯಾಟರಿ ಕುಡಿದುಕೊಂಡು. ಒಂದು ಬಿದಿರು ಗಳು ಅದಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ.

ಗುಡ್ಡದ ಲೆಕ್ಕ ಅಷ್ಟು ಕಷ್ಟದ್ದಲ್ಲ. ಗೂಗಲ್ ಅರ್ಥ್‌ನಲ್ಲಿ ಮನೆಯಿಂದ ಪಂಪ್‌ಹೌಸಿಗೆ ಗೆರೆ ಎಳೆದು ಎಲಿವೇಶನ್ ಪ್ರೊಫೈಲ್ ತೆಗೆಯಿರಿ. ಎರಡೂ ಆಂಟೆನಾಗಳ ನಡುವಿನ ನೇರ ಗೆರೆಗಿಂತ ನೆತ್ತಿ ಎಷ್ಟು ಮೇಲಿದೆ ಅಂತ ನೋಡಿ. ಮನೆಯಿಂದ 1 ಕಿ.ಮೀ.ಯಲ್ಲಿ 30 ಮೀಟರ್ ಎದ್ದಿದೆ ಅಂದುಕೊಳ್ಳೋಣ. ಗುಡ್ಡ ಕತ್ತಿಯಂತೆ ಚೂಪಾಗಿದ್ದರೆ ಅಲೆ ಬಗ್ಗಿ ಇಳಿಯುವಾಗ ಸುಮಾರು 21 ಡಿಬಿ ಕಳೆದುಕೊಳ್ಳುತ್ತದೆ. ನಮ್ಮ ಮಲೆನಾಡಿನ ಗುಡ್ಡ ದುಂಡು, ಮೇಲೆ ಕಾಡು, ಹಾಗಾಗಿ ಇನ್ನೂ ಜಾಸ್ತಿಯೇ ಹಿಡಿಯಿರಿ. ಇನ್ನೊಂದು ಮಾತು: ಗೆರೆ ನೆತ್ತಿಯನ್ನು ಸವರಿಕೊಂಡು ಹೋದರೂ ನಷ್ಟ ಇದ್ದೇ ಇದೆ, ಸುಮಾರು 6 ಡಿಬಿ. ಅಲೆಗೆ ದಾರದಷ್ಟು ದಾರಿ ಸಾಲದು, ಹೊಟ್ಟೆ ಉಬ್ಬಿದ ಮೃದಂಗದಂಥ ಜಾಗ ಬೇಕು. ಫ್ರೆನೆಲ್ ಜೋನ್ ಅನ್ನುವುದು ಅದನ್ನೇ. 4 ಕಿ.ಮೀ.ಗೆ ನಡುಮಧ್ಯದಲ್ಲಿ ಗೆರೆಯ ಸುತ್ತ ಸುಮಾರು 11 ಮೀಟರ್ ಖಾಲಿ ಇದ್ದರೆ ನಿಶ್ಚಿಂತೆ.

ಎಲೆ ಮಾತ್ರ ಯಾವ ಸೂತ್ರಕ್ಕೂ ಸರಿಯಾಗಿ ಸಿಕ್ಕುವುದಿಲ್ಲ. ಎರಡೂ ತುದಿಯ ತೋಟಕ್ಕೆ ಸೇರಿ 20 ಡಿಬಿ ಎತ್ತಿಡಿ. ಯಾಗಿ ಲೆಕ್ಕದ ಮೈನಸ್ 67ರಿಂದ 21 ಕಳೆಯಿರಿ, 20 ಕಳೆಯಿರಿ, ಮೈನಸ್ 108 ಆಯಿತು. ಸ್ಪ್ರೆಡಿಂಗ್ ಫ್ಯಾಕ್ಟರ್ 7ರಲ್ಲಿ 16 ಡಿಬಿ ಮಿಕ್ಕಿತು, 12ರಲ್ಲಿ 29. ಆಗುವ ಕೆಲಸ ಅಂದಿದ್ದು ಇದಕ್ಕೇ.

ಈಗ ನಿಮ್ಮ 400 ಮೀಟರ್‌ಗೆ ಬರೋಣ. ನನ್ನ ಮೊದಲ ಅನುಮಾನ ಊನೋ ಮೇಲೆ. ಅದರ 3.3 ವೋಲ್ಟ್ ಪಿನ್ನಿನಿಂದ 50 ಮಿಲಿಆಂಪ್ ಮಾತ್ರ ತೆಗೆಯಬಹುದು. ರಾ-02 ಪೂರ್ತಿ ಪವರ್‌ನಲ್ಲಿ ಕೂಗುವಾಗ 120 ಮಿಲಿಆಂಪ್ ಹತ್ತಿರ ಎಳೆಯುತ್ತದೆ. ಕೂಗಲು ಬಾಯಿ ತೆರೆದ ಕ್ಷಣದಲ್ಲೇ ವೋಲ್ಟೇಜ್ ಕುಸಿಯುತ್ತದೆ. ಪಕ್ಕದ ಕೋಣೆಗೆ ಕೇಳಿಸುತ್ತದೆ, ಪಕ್ಕದ ತೋಟಕ್ಕೆ ಕೇಳಿಸುವುದಿಲ್ಲ. ಜೊತೆಗೆ ಊನೋದ ಪಿನ್ನುಗಳು 5 ವೋಲ್ಟಿನವು, ಮಾಡ್ಯೂಲ್ 3.3 ವೋಲ್ಟಿನದು. ಸ್ವಲ್ಪ ದಿನ ತಡೆದುಕೊಂಡು ಸಾಯುತ್ತದೆ. 3.3 ವೋಲ್ಟಿನದೇ ಬೋರ್ಡ್ ಬಳಸಿ, ಇಎಸ್‌ಪಿ32 ಆದರೆ ಸಾಕು. ಮಾಡ್ಯೂಲಿನ ಕಾಲ ಬುಡದಲ್ಲೇ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೂರಿಸಿ. ಆಂಟೆನಾ ಹಾಕದೆ ಟ್ರಾನ್ಸ್‌ಮಿಟ್ ಮಾಡಲೇಬೇಡಿ.

ಎರಡನೇ ಅನುಮಾನ ಕನೆಕ್ಟರ್. ನಾನು ಒಮ್ಮೆ ಗೆಳೆಯನನ್ನು ಕುಂದಾದ್ರಿ ಮೇಲೆ ನಿಲ್ಲಿಸಿ ಕೆಳಗೆ ಅರ್ಧ ದಿನ ಒದ್ದಾಡಿದ್ದೇನೆ. ಬೆಟ್ಟ ಕಣ್ಣೆದುರೇ ಇತ್ತು, ಸಿಗ್ನಲ್ ಮಾತ್ರ ಸೊನ್ನೆ. ಆನ್‌ಲೈನ್‌ನಲ್ಲಿ ತರಿಸಿದ ಆಂಟೆನಾ ಆರ್‌ಪಿ-ಎಸ್‌ಎಂಎ ಜಾತಿಯದು, ನನ್ನ ಕೇಬಲ್ ಎಸ್‌ಎಂಎ. ತಿರುಪು ಸರಿಯಾಗಿ ತಿರುಗಿ ಬಿಗಿಯಾಗಿ ಕೂತಿತ್ತು, ಆದರೆ ನಡುವೆ ಎರಡೂ ಕಡೆ ತೂತು, ಪಿನ್ನೇ ಇಲ್ಲ. ಹಾಕುವ ಮೊದಲು ಒಳಗೆ ಇಣುಕಿ ನೋಡಿ: ಒಂದು ಕಡೆ ಪಿನ್, ಇನ್ನೊಂದು ಕಡೆ ತೂತು ಇರಲೇಬೇಕು. ಮಾಡ್ಯೂಲ್ ಮೇಲಿನ ಚಿಕ್ಕ ಗುಂಡಿಯಂಥ ಐಪೆಕ್ಸ್ ಕನೆಕ್ಟರ್ ಹಾಕಿ ತೆಗೆಯುವುದಕ್ಕೆ ಮೂವತ್ತು ಸಲದಷ್ಟೇ ಬಾಳಿಕೆ. ಆಟದ ಸಾಮಾನಿನ ಹಾಗೆ ಕಿತ್ತು ಹಾಕುತ್ತಿರಬೇಡಿ.

ಇನ್ನು 433. ನಮ್ಮ ದೇಶದಲ್ಲಿ 433–434 ಮೆಗಾಹರ್ಟ್ಸ್‌ಗೆ ಪರವಾನಗಿ ಇಲ್ಲದೆ ಸಿಗುವ ಅನುಮತಿ ಮನೆಯೊಳಗಿನ ಬಳಕೆಗೆ, ಅದೂ 10 ಮಿಲಿವ್ಯಾಟ್‌ಗೆ. ತೋಟಕ್ಕೆ ಯಾಗಿ ಹಾಕಿ ಎರಚುವಂತಿಲ್ಲ. ಹ್ಯಾಮ್ (ಹವ್ಯಾಸಿ ರೇಡಿಯೋ) ಪರವಾನಗಿ ಇದ್ದವರಿಗೆ ಆ ಸುತ್ತಮುತ್ತ ಜಾಗ ಇದೆ, ಅದು ಬೇರೆ ಮಾತು. ನಿಮಗೆ ಸರಿಯಾದದ್ದು 865–867 ಮೆಗಾಹರ್ಟ್ಸ್. 2005ರಲ್ಲಿ ಇದನ್ನು ಪರವಾನಗಿಯಿಂದ ಬಿಟ್ಟರು, 2021ರಲ್ಲಿ 868ರವರೆಗೆ ಹಿಗ್ಗಿಸಿದರು. 1 ವ್ಯಾಟ್ ಪವರ್, ಆಂಟೆನಾ ಸೇರಿ ಹೊರಡುವುದು 4 ವ್ಯಾಟ್ ಇಆರ್‌ಪಿ, ಅಗಲ 200 ಕಿಲೋಹರ್ಟ್ಸ್, ಇದು ಮಿತಿ. ಹಾಗಾಗಿ ಬ್ಯಾಂಡ್‌ವಿಡ್ತ್ 125ಕ್ಕೇ ಇರಲಿ. ಇಂಟರ್ನೆಟ್ಟಿನಿಂದ ಎತ್ತಿದ ಕೋಡಿನಲ್ಲಿ 915 ಇರುತ್ತದೆ, ಅದು ಅಮೆರಿಕದ್ದು. ಇಲ್ಲಿ ಮೊಬೈಲ್ ಕಂಪನಿಗಳ ಜಾಗಕ್ಕೆ ಕೈ ಹಾಕಿದ ಹಾಗೆ. 868.1 ಅಂತ ಇದ್ದರೆ ಯುರೋಪಿನದು, ಅದೂ ನಮ್ಮ ಗಡಿಯಿಂದ ಕೂದಲೆಳೆ ಆಚೆ. 866 ಅಂತ ಬರೆದುಬಿಡಿ. ರಾ-02 ಇಷ್ಟು ಮೇಲೆ ಹೋಗುವುದಿಲ್ಲ, ಸೆಟ್ಟಿಂಗ್ ಬದಲಿಸಿದರೆ ಆಗುವಂಥದ್ದಲ್ಲ. ರಾ-01ಎಚ್ ಅಥವಾ ಆರ್‌ಎಫ್‌ಎಂ95 ತಗೊಳ್ಳಿ. ನಿಮ್ಮ ಹಳೆಯ ಎರಡು ಮಾಡ್ಯೂಲ್‌ಗಳ ದುಡ್ಡು ಹೋಯಿತು ಅಂತಲೇ ಇಟ್ಟುಕೊಳ್ಳಿ.

ಪರೀಕ್ಷೆಯನ್ನು ಗುಡ್ಡದಿಂದ ಶುರು ಮಾಡಬೇಡಿ, ಕೊಯ್ಲಾದ ಗದ್ದೆ ಬಯಲಿನಿಂದ ಶುರು ಮಾಡಿ. ಎರಡೂ ಮಾಡ್ಯೂಲಿಗೆ ಕಡ್ಡಿ ಆಂಟೆನಾ ಹಾಕಿ, ಮರದ ಕೋಲಿಗೆ ಎದೆಮಟ್ಟದಲ್ಲಿ ಕಟ್ಟಿ, 50 ಮೀಟರ್ ದೂರದಲ್ಲಿ ನೆಡಿ. ಕೈಯಲ್ಲಿ ಹಿಡಿಯಬೇಡಿ, ನಮ್ಮ ಮೈಯೇ ನೀರಿನ ಚೀಲ. ಲೆಕ್ಕದ ಪ್ರಕಾರ ಆರ್‌ಎಸ್‌ಎಸ್‌ಐ (ಬಂದು ಮುಟ್ಟಿದ ಸಿಗ್ನಲಿನ ಬಲ) ಮೈನಸ್ 41ರ ಹತ್ತಿರ ಬರಬೇಕು. ಮೈನಸ್ 50 ಬಂದರೂ ಸರಿಯೇ. ಮೈನಸ್ 75 ಅಂತ ತೋರಿಸಿದರೆ ಅಲ್ಲೇ ನಿಲ್ಲಿ. ಆಂಟೆನಾ, ಕನೆಕ್ಟರ್, ಕರೆಂಟು, ಯಾವುದೋ ಒಂದು ಕೆಟ್ಟಿದೆ. ಈ ಐದು ನಿಮಿಷದ ಕೆಲಸ ಮಾಡದೆ ಕಾಡು ಸುತ್ತುವವರೇ ಜಾಸ್ತಿ.

ಕೋಡಿನಲ್ಲಿ ಪ್ರತಿ ಪ್ಯಾಕೆಟ್‌ಗೂ (ಒಂದು ಸಲಕ್ಕೆ ಕಳಿಸುವ ಮೆಸೇಜ್) ಅಂಕಿ ಹಾಕಿ, ಒಂದರಿಂದ ನೂರರವರೆಗೆ. ಈ ಕಡೆ ಅಂಕಿ, ಆರ್‌ಎಸ್‌ಎಸ್‌ಐ, ಎಸ್‌ಎನ್‌ಆರ್ (ಗದ್ದಲಕ್ಕೆ ಹೋಲಿಸಿದರೆ ಸಿಗ್ನಲ್ ಎಷ್ಟು ಅನ್ನುವುದು) ಮೂರನ್ನೂ ಬರೆದಿಡಿ. 'ಬರುತ್ತಿದೆ' ಅನ್ನುವುದಕ್ಕೂ 'ನೂರಕ್ಕೆ 97 ಬಂತು' ಅನ್ನುವುದಕ್ಕೂ ಬಹಳ ವ್ಯತ್ಯಾಸ. ಸಿಗ್ನಲ್ ಸೊರಗಿದಾಗ ಆರ್‌ಎಸ್‌ಎಸ್‌ಐ ನಂಬಬೇಡಿ. ಲೋರಾ ಗದ್ದಲಕ್ಕಿಂತ ಕೆಳಗಿನ ಸಿಗ್ನಲನ್ನೂ ಹೆಕ್ಕುತ್ತದೆ, ಆಗ ಆ ಅಂಕಿ ಗದ್ದಲವನ್ನೇ ಅಳೆಯುತ್ತಿರುತ್ತದೆ. ಅಲ್ಲಿ ಎಸ್‌ಎನ್‌ಆರ್ ನೋಡಿ. ಸ್ಪ್ರೆಡಿಂಗ್ ಫ್ಯಾಕ್ಟರ್ 7ಕ್ಕೆ ಮೈನಸ್ 7.5, 12ಕ್ಕೆ ಮೈನಸ್ 20, ಅಲ್ಲಿಗೆ ಹಗ್ಗ ಮುಗಿಯಿತು.

ಆಮೇಲೆ ನಿಜವಾದ ಜಾಗದಲ್ಲಿ ಪರೀಕ್ಷೆ. ಸ್ಪ್ರೆಡಿಂಗ್ ಫ್ಯಾಕ್ಟರ್ 12 ಇಟ್ಟು ಮೊದಲು ಸಂಪರ್ಕ ಸಿಗುವಂತೆ ಮಾಡಿಕೊಳ್ಳಿ. ಸಿಕ್ಕಿದ ಮೇಲೆ ಅದನ್ನು 7ಕ್ಕೆ ಇಳಿಸಿ. ಆಗಲೂ ಬರುತ್ತಿದೆಯಾ? ಕಳಿಸುವ ಪವರ್ ಇಳಿಸುತ್ತಾ ಬನ್ನಿ: 20, 17, 14, 10, ಹೀಗೆ 2ರವರೆಗೆ. ನೂರಕ್ಕೆ ಹತ್ತು ಪ್ಯಾಕೆಟ್ ಬೀಳಲು ಶುರುವಾದ ಕಡೆ ಗುರುತು ಹಾಕಿ. 8 ಡಿಬಿಎಂನಲ್ಲಿ ಬಿತ್ತು ಅಂದರೆ ನಿಮ್ಮ ಹತ್ತಿರ 12 ಡಿಬಿ ಹಗ್ಗ ಇದೆ. ಸ್ಪ್ರೆಡಿಂಗ್ ಫ್ಯಾಕ್ಟರನ್ನು ಒಂದೊಂದು ಮೆಟ್ಟಿಲು ಏರಿಸಿದರೆ ಇನ್ನೂ ಎರಡೂವರೆ ಡಿಬಿ ಸೇರುತ್ತದೆ. ಬೇಸಿಗೆಯಲ್ಲಿ ಎಲ್ಲ ಸೇರಿ 20 ಡಿಬಿ ಮಿಕ್ಕಿದ್ದರೆ ನಾನು ಒಪ್ಪುತ್ತೇನೆ, 10ಕ್ಕೆ ಒಪ್ಪುವುದಿಲ್ಲ. ಹಾಗಂತ ಸುಮ್ನೆ 12ರಲ್ಲೇ ಓಡಿಸಬೇಡಿ. 20 ಬೈಟ್‌ನ ಪ್ಯಾಕೆಟ್ 7ರಲ್ಲಿ 57 ಮಿಲಿಸೆಕೆಂಡ್ ಹಿಡಿದರೆ 12ರಲ್ಲಿ 1.3 ಸೆಕೆಂಡ್ ಹಿಡಿಯುತ್ತದೆ. ಬ್ಯಾಟರಿ, ಸೋಲಾರ್ ಎಲ್ಲದರ ಲೆಕ್ಕ ಅಲ್ಲಿ ಬದಲಾಗುತ್ತದೆ.

ಒಂದೇ ಜಾಗದ ಅಂಕಿಯನ್ನು ವೇದವಾಕ್ಯ ಮಾಡಿಕೊಳ್ಳಬೇಡಿ. ಗುಡ್ಡ, ಮರಕ್ಕೆ ಬಡಿದ ಅಲೆಗಳು ಒಂದರ ಮೇಲೊಂದು ಬಿದ್ದು ಒಂದು ಕಡೆ ಗುಂಡಿ, ಪಕ್ಕದಲ್ಲೇ ದಿಬ್ಬ ಮಾಡುತ್ತವೆ. 866ರ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್. ಆಂಟೆನಾವನ್ನು ಅರ್ಧ ಅಡಿ ಆಚೀಚೆ ಸರಿಸಿದರೂ 10 ಡಿಬಿ ಬದಲಾಗಬಹುದು. ನಾಲ್ಕೈದು ಕಡೆ ಅಳೆದು ಒಳ್ಳೆಯ ಜಾಗ ಆರಿಸಿ.

ಯಾಗಿ ನಿಮಗೆ ಹೊಸದೇನಲ್ಲ. ದೂರದರ್ಶನ ಕಾಲದಲ್ಲಿ ಮಾಡಿನ ಮೇಲೆ ಇತ್ತಲ್ಲ, ಒಬ್ಬರು ಹತ್ತಿ ತಿರುಗಿಸುತ್ತಾ 'ಬಂತಾ?' ಅಂತ ಕೂಗುವುದು, ಒಳಗಿನಿಂದ 'ಇಲ್ಲ, ಇನ್ನೂ ಸ್ವಲ್ಪ, ಅಯ್ಯೋ ಹೋಯ್ತು' ಅನ್ನುವುದು? ಅದೇ ಇದು. 1920ರ ದಶಕದಲ್ಲಿ ಜಪಾನಿನ ತೊಹೊಕು ವಿಶ್ವವಿದ್ಯಾಲಯದಲ್ಲಿ ಶಿಂತಾರೋ ಉದಾ ಮತ್ತು ಹಿದೆತ್ಸುಗು ಯಾಗಿ ಮಾಡಿದ್ದು. ಹೆಚ್ಚಿನ ಕೆಲಸ ಉದಾ ಅವರದು, ಹೆಸರು ಉಳಿದದ್ದು ಯಾಗಿಯವರದು. ಅಟ್ಟದಲ್ಲಿರುವ ಆ ಹಳೇ ಆಂಟೆನಾ ನಡೆಯುತ್ತಾ ಅಂತ ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ: ನಡೆಯುವುದಿಲ್ಲ. ಅದರ ಕಡ್ಡಿಗಳು ಟಿವಿ ಅಲೆಯ ಅಳತೆಗೆ ಕತ್ತರಿಸಿದವು. 866ಕ್ಕೆ ಮುಖ್ಯ ಕಡ್ಡಿ 17 ಸೆಂಟಿಮೀಟರ್ ಆಸುಪಾಸು. ಮನೆಯಲ್ಲೇ ಮಾಡಬಹುದು, ಆದರೆ ಒಂದು ಮಿಲಿಮೀಟರ್ ತಪ್ಪಿದರೂ 5 ಮೆಗಾಹರ್ಟ್ಸ್ ಜಾರುತ್ತದೆ. ನ್ಯಾನೋವಿಎನ್‌ಎ (ಆಂಟೆನಾ ಅಳೆಯುವ ಪುಟ್ಟ ಉಪಕರಣ) ಇದ್ದವರು ಮಾಡಿ, ಇಲ್ಲದವರು ಕೊಂಡುಕೊಳ್ಳಿ.

ಐದಾರು ಕಡ್ಡಿಯ ಯಾಗಿಯ ಕಿರಣ 50 ಡಿಗ್ರಿಯಷ್ಟು ಅಗಲ. ದಿಕ್ಸೂಚಿ ಹಿಡಿದು ಕೂದಲು ಸೀಳಬೇಕಾಗಿಲ್ಲ. ಹಾಳಾಗುವುದು ಬೇರೆ ಕಡೆ. ಒಂದು ಯಾಗಿಯ ಕಡ್ಡಿ ನಿಂತಿದ್ದು ಇನ್ನೊಂದರದ್ದು ಮಲಗಿದ್ದರೆ 20 ಡಿಬಿ ಸುಮ್ನೆ ಹೋಗುತ್ತದೆ. ಎರಡನ್ನೂ ನಿಲ್ಲಿಸಿ. ನಿಲ್ಲಿಸಿದಾಗ ಕಬ್ಬಿಣದ ಕಂಬ ಕಡ್ಡಿಗಳ ನಡುವೆ ಹಾಯಬಾರದು, ಆಂಟೆನಾದ ಬೆನ್ನ ತುದಿಯನ್ನು ಕಂಬಕ್ಕೆ ಕಟ್ಟಬೇಕು. ಗುಡ್ಡ ಅಡ್ಡ ಇದ್ದಾಗ ಇನ್ನೊಂದು ಸೂಕ್ಷ್ಮ ಇದೆ. ನಕ್ಷೆಯ ಗೆರೆಯ ದಿಕ್ಕಿಗಿಂತ ನೆತ್ತಿಯಲ್ಲಿ ತಗ್ಗಿರುವ ಕಡೆಗೆ ತಿರುಗಿಸಿದರೆ ಕೆಲವೊಮ್ಮೆ ಜಾಸ್ತಿ ಸಿಗುತ್ತದೆ. ಟಿವಿ ಕಾಲದ ಕೂಗಾಟಕ್ಕೆ ಇಲ್ಲಿ ಮತ್ತೆ ಕೆಲಸ ಬಂತು. ಹತ್ತಿರ ಮೊಬೈಲ್ ಟವರ್ ಇದ್ದರೆ ಯಾಗಿ ಅದರ ಕಡೆ ಮುಖ ಮಾಡದಿರಲಿ. 869ರಿಂದ ಮೇಲೆ ಟವರ್ ಕೂಗುವ ಜಾಗ, ನಮ್ಮ ರಿಸೀವರ್ ಕಿವುಡಾಗುತ್ತದೆ.

ಕೇಬಲ್ ವಿಷಯ ಚಿಕ್ಕದಾಗಿ: ತೆಳ್ಳನೆಯ ಆರ್‌ಜಿ-174 ಮೀಟರಿಗೆ 1 ಡಿಬಿ ತಿನ್ನುತ್ತದೆ, ಆರ್‌ಜಿ-58 ಅರ್ಧ. ಡಿಶ್ ಟಿವಿಯ ಆರ್‌ಜಿ-6 ಇವೆರಡಕ್ಕಿಂತ ಒಳ್ಳೆಯದು. ಅದು 75 ಓಮ್ ಅಂತ ಮೂಗು ಮುರಿಯುತ್ತಾರೆ, ಆ ಹೊಂದಿಕೆ ತಪ್ಪಿದ್ದಕ್ಕೆ ನಷ್ಟ ಆಗುವುದು 0.2 ಡಿಬಿ. ಎಲ್ಲಕ್ಕಿಂತ ಮೇಲು, ಮಾಡ್ಯೂಲನ್ನೇ ಡಬ್ಬಿಯಲ್ಲಿ ಹಾಕಿ ಆಂಟೆನಾ ಬುಡದಲ್ಲಿ ಕಟ್ಟಿ ಕೆಳಗೆ ಕರೆಂಟಿನ ವೈರು ಮಾತ್ರ ಇಳಿಸುವುದು.

ಎತ್ತರ ಪರೀಕ್ಷಿಸಲು ನಿಮ್ಮಲ್ಲಿ ಬೇರೆಯವರ ಹತ್ತಿರ ಇಲ್ಲದ ಸಾಧನ ಇರಬಹುದು, ಅಡಿಕೆ ಕೊನೆ ಕೊಯ್ಯುವ ಫೈಬರ್ ದೋಟಿ. ಒಂದೊಂದೇ ಗಣ್ಣು ಏರಿಸುತ್ತಾ ಪ್ರತಿ ಎತ್ತರದಲ್ಲೂ ನೂರು ಪ್ಯಾಕೆಟ್ ಅಳೆದರೆ ಎಷ್ಟು ಎತ್ತರದ ಕಂಬ ಬೇಕು ಅಂತ ಕಂಬ ಹಾಕುವ ಮೊದಲೇ ಗೊತ್ತಾಗುತ್ತದೆ. ಸೋಗೆ ದಾಟಿದ ತಕ್ಷಣ ಅಂಕಿ ಜಿಗಿಯುವುದನ್ನು ನೋಡುವುದೇ ಒಂದು ಖುಷಿ. ಆದರೆ ಕಾರ್ಬನ್ ಫೈಬರ್ ದೋಟಿಯಲ್ಲಿ ಕರೆಂಟ್ ಹರಿಯುತ್ತದೆ. ವಿದ್ಯುತ್ ತಂತಿಯ ಹತ್ತಿರ ಎತ್ತಲೇಬೇಡಿ, ತಂತಿ ಎಲ್ಲಿದೆ ಅಂತ ನೋಡಿಕೊಂಡ ಮೇಲೆಯೇ ಕೆಲಸ. ದೋಟಿ ತುದಿಗೆ ಎರಡು ಅಡಿ ಪಿವಿಸಿ ಪೈಪ್ ಸೇರಿಸಿ ಅದರ ಮೇಲೆ ಆಂಟೆನಾ ಕಟ್ಟಿ, ಇಲ್ಲದಿದ್ದರೆ ದೋಟಿಯೇ ಅಲೆಯನ್ನು ಕೆಡಿಸುತ್ತದೆ.

ಇಷ್ಟೆಲ್ಲ ಆದ ಮೇಲೂ 20 ಡಿಬಿ ಸಿಗದಿದ್ದರೆ 1 ವ್ಯಾಟ್‌ಗೆ ಹೋಗಬೇಡಿ. ಗುಡ್ಡದ ನೆತ್ತಿಯಲ್ಲಿ ನಿಮ್ಮದೇ ಜಾಗ ಇದ್ದರೆ ಅಲ್ಲಿ ಮೂರನೇ ಮಾಡ್ಯೂಲ್ ಇಡಿ. ಚಿಕ್ಕ ಸೋಲಾರ್ ಫಲಕ, ಒಂದು ಲಿಥಿಯಂ ಸೆಲ್, ಕಡ್ಡಿ ಆಂಟೆನಾ ಸಾಕು. ಬಂದದ್ದನ್ನು ಕೇಳಿ ಮತ್ತೆ ಕೂಗುವುದಷ್ಟೇ ಅದರ ಕೆಲಸ. ಎರಡೂ ಕಡೆ ಕಣ್ಣಿಗೆ ಕಾಣುವ ದಾರಿಯಾದ್ದರಿಂದ ಯಾಗಿಯೂ ಬೇಕಾಗದೆ ಇರಬಹುದು. ಬೇಸಿಗೆಯ ಸಿಡಿಲು ಮಾತ್ರ ಅದನ್ನು ಒಂದು ದಿನ ತಿಂದೀತು, ಬದಲಿ ಒಂದು ಮನೆಯಲ್ಲಿರಲಿ.

ಜುಲೈನಲ್ಲಿ ಇದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ. ಮಳೆಹನಿ ಈ ಅಲೆಗೆ ಲೆಕ್ಕಕ್ಕಿಲ್ಲ, ಒದ್ದೆ ಎಲೆ ಲೆಕ್ಕಕ್ಕಿದೆ, ಕನೆಕ್ಟರ್ ಒಳಗೆ ಇಳಿದ ನೀರು ಎಲ್ಲಕ್ಕಿಂತ ಜಾಸ್ತಿ ಲೆಕ್ಕಕ್ಕಿದೆ. ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪ್ ಸುತ್ತಿ. ವೈರು ಡಬ್ಬಿಗೆ ಹೋಗುವ ಮೊದಲು ಕೆಳಗೆ ಒಂದು ಬಳುಕು ಕೊಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಡಬ್ಬಿಯ ತೂತುಗಳನ್ನು ಮೇಣದಿಂದಲೋ ಸಿಲಿಕಾನ್‌ನಿಂದಲೋ ಮುಚ್ಚಿ. ನನ್ನ ಮೊದಲ ಡಬ್ಬಿ ಮಳೆಗೆ ಹೋಗಲಿಲ್ಲ, ಒಳಗೆ ಗೂಡು ಕಟ್ಟಿದ ಇರುವೆಗಳಿಂದ ಹೋಯಿತು.